ಪರೀಕ್ಷೆಯ ನಿದ್ದೆ

ನಮ್ಮ ಅಂಗಡಿಯಲ್ಲಿ ಹೊಸ ದಿಂಬು ಮಾರಾಟಕ್ಕೆ ಹೋಗುವ ಮೊದಲು ಅದರ ಮೇಲೆ ಯಾರಾದರೂ ಒಂದು ಕನಸು ಕಾಣಬೇಕು. ಬೋರ್ಡಿನ ಮೇಲೆ ಬರೆದ ನಿಯಮವಲ್ಲ, ಅಪ್ಪನ ಅಪ್ಪನಿಂದ ನಡೆದುಬಂದದ್ದು. ಹೊಸ ಸೊಪ್ಪು ಒಣಗಿ ಬಂದಾಗಲೆಲ್ಲ, ಮೊದಲು ತುಂಬಿದ ದಿಂಬನ್ನು ತಲೆಗಿಟ್ಟುಕೊಂಡು ಅಪ್ಪ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ನಡುಮಧ್ಯೆಯೇ ಮಲಗುತ್ತಾನೆ. ನಾನು ಷಟರನ್ನು ಮೊಣಕಾಲೆತ್ತರಕ್ಕೆ ಇಳಿಸುತ್ತೇನೆ. ಆಮೇಲೆ ಬೀದಿ ಎಂದರೆ ಬರೀ ಕಾಲುಗಳು. ಟ್ರಾಮ್ ಹೋದಾಗ ಮೂಲೆಯಲ್ಲಿ ಹಿಂಜಿಟ್ಟ ಹತ್ತಿಯ ರಾಶಿ ಒಮ್ಮೆ ಉಸಿರೆಳೆದುಕೊಂಡಂತೆ ಅಲುಗಿ ಸುಮ್ಮನಾಗುತ್ತದೆ. ಅಪ್ಪ ಎದ್ದು, ಕಣ್ಣುಜ್ಜಿಕೊಂಡು, ಕಂಡದ್ದನ್ನು ಹೇಳುತ್ತಾನೆ. ಕನಸು ಬಿದ್ದರೆ ಸೊಪ್ಪು ಹದವಾಗಿದೆ. ಬೀಳದಿದ್ದರೆ ಹೊಲಿಗೆ ಬಿಚ್ಚಬೇಕು.

ಬೀದಿಯವರು ಅಪ್ಪನಿಗೆ ಇಟ್ಟ ಹೆಸರು ನಿದ್ದೆ ಸಾಹುಕಾರ. "ಗೊರಕೆ ಹೊಡೆದು ಸಂಸಾರ ಸಾಕಿದ ಮನುಷ್ಯನನ್ನ ಇನ್ನೆಲ್ಲೂ ನೋಡಿಲ್ಲಪ್ಪ" ಅನ್ನುತ್ತಾನೆ ಎದುರಿನ ಕ್ಷೌರಿಕ. ಅಪ್ಪನೂ ಕಮ್ಮಿ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಯಾರಾದರೂ ಬುದ್ಧಿ ಹೇಳಿದರೆ, "ಕಾಲು ಎಷ್ಟುದ್ದ ಹೇಳಿ, ಹಾಸಿಗೆ ನಾನು ಹೊಲಿದು ಕೊಡ್ತೀನಿ" ಅನ್ನುತ್ತಾನೆ.

ಸೊಪ್ಪು ಎಂದರೆ ಮಾಚಿಪತ್ರೆ. ಮನೆಯಲ್ಲಿ ಬರೀ ಮಾಚಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇದಕ್ಕೆ ಹಿತ್ತಲೂ ಇಲ್ಲ. ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ರೈಲುಹಳಿಯ ಪಕ್ಕ, ಮುಚ್ಚಿದ ಗಿರಣಿಯ ಗೋಡೆ ಬಿರುಕಿನಲ್ಲಿ, ಚರಂಡಿಯ ಅಂಚಿನಲ್ಲಿ, ನಗರ ಎಲ್ಲೆಲ್ಲಿ ತನ್ನನ್ನು ತಾನು ಮರೆತಿದೆಯೋ ಅಲ್ಲೆಲ್ಲ ಎದ್ದು ನಿಂತಿರುತ್ತದೆ. ಹರಿದ ಕಾಗದದಂಥ ಎಲೆ, ಮೇಲೆ ಕಡುಹಸಿರು. ಮಗುಚಿದರೆ ಕೆಳಗೆ ಬಿಳಿ, ಹತ್ತಿಯನ್ನು ಸವರಿಟ್ಟಂತೆ. ಗಿಡ ಹೂವಿಗೆ ಬರುವ ಮುಂಚೆ ಕೊಯ್ದು ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಮೊದಲು ಕಹಿ ವಾಸನೆ ಹೋಗುತ್ತದೆ. ಆಮೇಲೆ ಒಂದು ದಿನ, ಯಾವ ದಿನ ಎಂದು ಮೂಗಿಗೆ ಮಾತ್ರ ಗೊತ್ತು, ಕಹಿಯ ಹಿಂದೆ ಅಡಗಿದ್ದ ಸಿಹಿ ಮುಂದೆ ಬರುತ್ತದೆ. ಅದೇ ಹದ. ಆಗ ಅಂಗೈಯಲ್ಲಿ ತಿಕ್ಕಿ, ಕಡ್ಡಿ ತೆಗೆದು, ಹತ್ತಿಯ ಜೊತೆ ಹಿಂಜಿ ದಿಂಬಿಗೆ ತುಂಬುವುದು.

ಅದು ಕನಸು ತರುತ್ತದೆ ಎನ್ನುವುದು ನಮ್ಮ ಅಂಗಡಿಯ ಮಾತು. ಬೇರೆ ಕೆಲಸಗಳಿಗೆ ಯಾರ ಮಾತೂ ಬೇಕಿಲ್ಲ. ಉಣ್ಣೆ ಬಟ್ಟೆಯ ಮಡಿಕೆಯಲ್ಲಿಟ್ಟರೆ ನುಸಿ ಬಾರದು. ಕೆಂಡದ ಮೇಲೆ ಹಾಕಿದರೆ ಸೊಳ್ಳೆ ಓಡುತ್ತದೆ, ನೆಂಟರೂ ಓಡುತ್ತಾರೆ. ಹೊಟ್ಟೆ ಉಬ್ಬರಕ್ಕೆ ಎರಡೆಲೆ ಕುದಿಸಿ ಕುಡಿಯುವುದುಂಟು. ಬಸುರಿಯರು ಮಾತ್ರ ಅದರ ತಂಟೆಗೆ ಹೋಗಬಾರದು. ಮತ್ತೆ ಕಾಲು. ನಿಂತು ನಿಂತು, ನಡೆದು ನಡೆದು ಸೋತ ಕಾಲಿಗೆ ಮಾಚಿ.

ಇದು ಅಮ್ಮನ ಮದ್ದು. ಅಮ್ಮ ಟ್ರಾಮ್ ಕಂಡಕ್ಟರಾಗಿದ್ದಳು. ಬೆಳಿಗ್ಗೆ ಅವಳು ಹೊರಡುವ ಮುಂಚೆ ಅಪ್ಪ ಅವಳ ಶೂಗಳೊಳಗೆ ಎರಡೆರಡು ಹಸಿ ಎಲೆ ಹಾಸುತ್ತಿದ್ದ, ಬಿಳಿಯ ಮಗ್ಗಲು ಮೇಲೆ ಬರುವಂತೆ. ಸಂಜೆ ಅವಳು ಬಂದರೆ ತಗಡಿನ ಟಬ್ಬಿನಲ್ಲಿ ಮಾಚಿ ಕುದಿಸಿದ ನೀರು ಕಾಯುತ್ತಿರುತ್ತಿತ್ತು. ಎಡಗಾಲಿನ ಕಿರುಬೆರಳ ಬುಡದಲ್ಲಿ ಅವಳಿಗೊಂದು ಆಣಿ ಇತ್ತು. "ಮೊದಲು ಎಡಗಾಲು" ಅನ್ನುತ್ತಿದ್ದ ಅಪ್ಪ. ಅವಳು ಬೇಕೆಂದೇ ಬಲಗಾಲು ಇಡುತ್ತಿದ್ದಳು.

ಅಮ್ಮ ಹೋದ ಮೇಲೆ ಅಪ್ಪನ ಪರೀಕ್ಷೆಯ ನಿದ್ದೆಗಳಲ್ಲಿ ಬರುವವಳು ಅವಳೊಬ್ಬಳೇ. ಎದ್ದವನು ಹೇಳುತ್ತಿದ್ದ: "ಟ್ರಾಮ್ ಪೂರ್ತಿ ಹತ್ತೀಲಿ ಮಾಡಿದ್ದಾಗಿತ್ತು. ನಿಮ್ಮಮ್ಮ ಅದರ ಒಂದು ತುದಿ ಎಳೆದು ನೂಲ್ತಾ ಇದ್ದಳು. ಟ್ರಾಮ್ ಸಣ್ಣ ಆಗ್ತಾ ಆಗ್ತಾ..." ಅಷ್ಟೇ. ಅಥವಾ: "ಟಿಕೆಟ್ ಕೊಟ್ಟಳು. ನೋಡಿದರೆ ಎಲೆ. ಹಿಂದುಗಡೆ ಬಿಳೀ ಭಾಗದಲ್ಲಿ ಏನೋ ಬರೆದಿತ್ತು, ಓದೋಷ್ಟರಲ್ಲಿ ನೀನು ಲೋಟ ಬೀಳಿಸಿದೆ." ಆಗ ಅಪ್ಪನ ಮುಖ ನೋಡಬೇಕು. ಊರಿಂದ ಈಗಷ್ಟೇ ಬಂದವನ ಮುಖ.

ಚಳಿಗಾಲದ ಕೊನೆಯಲ್ಲಿ ಅಪ್ಪನಿಗೆ ಜ್ವರ ಬಂತು. ಹೋಯಿತು. ಆಮೇಲೆ ಅವನ ಕನಸುಗಳು ಬಹಳ ಚೆನ್ನಾಗಿ ಬೀಳತೊಡಗಿದವು.

"ಏನು ಬಿತ್ತಪ್ಪ?" ನಾನು ಷಟರು ಎತ್ತುತ್ತ ಕೇಳುತ್ತಿದ್ದೆ.

"ನಿಮ್ಮಮ್ಮ ಬಂದಿದ್ದಳು. ಬೆಟ್ಟದ ಮೇಲೆ ಕೂತಿದ್ದಳು. ನಾನು ಸುಖವಾಗಿದ್ದೀನಿ, ನೀವು ಯೋಚನೆ ಮಾಡಬೇಡಿ, ಮಗಳನ್ನ ಚೆನ್ನಾಗಿ ನೋಡ್ಕೊಳ್ಳಿ ಅಂದಳು. ಆಮೇಲೆ ಸೂರ್ಯ ಮುಳುಗಿದ."

ಮೊದಲ ಸಲ ಕೇಳಿ ನನಗೆ ಕಣ್ಣು ತುಂಬಿತು. ಎರಡನೆಯ ಸಲ ಏನೋ ಕಚ್ಚಿತು. ಅಮ್ಮ ಬದುಕಿದ್ದಾಗ ಒಂದು ವಾಕ್ಯ ಮುಗಿಸಿದವಳಲ್ಲ. ನಡುವೆ ಯಾವುದೋ ನಿಲ್ದಾಣ ಬಂದುಬಿಡುತ್ತಿತ್ತು. ಮತ್ತೆ, ಕನಸಿನಲ್ಲಿ ಸೂರ್ಯ ಇಷ್ಟು ಕರಾರುವಾಕ್ಕಾಗಿ ಮುಳುಗುತ್ತಾನೆಯೇ? ಆದರೆ ದಿಂಬುಗಳು ಪರೀಕ್ಷೆ ಪಾಸಾಗಿದ್ದವು. ಹೊಲಿದು ಕಳಿಸಿದೆವು.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮ ಬಂದರು. ನಮ್ಮ ದಿಂಬನ್ನು ಮೊಲದ ಕಿವಿ ಹಿಡಿದಂತೆ ಒಂದು ಮೂಲೆಯಲ್ಲಿ ಹಿಡಿದಿದ್ದರು. ಕಣ್ಣು ಊದಿ ಕೆಂಪಾಗಿದ್ದವು.

"ಏನಮ್ಮಾ, ಇದರೊಳಗೆ ಏನು ತುಂಬಿದ್ದೀಯ? ಮೆಣಸಿನ ಪುಡೀನಾ?"

"ಹತ್ತಿ, ಮಾಚಿಪತ್ರೆ. ಯಾವಾಗಲೂ ಹಾಕೋದೇ ಡಾಕ್ಟರಮ್ಮ."

"ಯಾವಾಗಲೂ ಹಾಕೋದಾದರೆ ನಂಗೆ ಸಮುದ್ರದ ಕನಸು ಬೀಳಬೇಕು. ಹೋದ ವರ್ಷದ ದಿಂಬಲ್ಲಿ ವಾರಕ್ಕೆ ಎರಡು ಸಲ ಸಮುದ್ರ ನೋಡ್ತಿದ್ದೆ, ಖರ್ಚಿಲ್ಲದೆ. ಇದರಲ್ಲಿ ಸೀನು ಬಿಟ್ಟರೆ ಇನ್ನೇನಿಲ್ಲ." ಅವರು ಸೀನಿದರು. "ನೋಡು. ನಿನ್ನೆ ಒಬ್ಬರ ಹಲ್ಲು ಕೀಳುವಾಗಲೂ ಹೀಗೇ ಸೀನಿಬಿಟ್ಟೆ."

"ಅಯ್ಯೋ! ಆಮೇಲೆ?"

"ಆಮೇಲೇನು, ಹಲ್ಲು ಬಂತು. ಕೀಳಬೇಕಾದ ಹಲ್ಲೇ ಬಂತು. ನನ್ನ ಪುಣ್ಯವೋ ಅವರ ಪುಣ್ಯವೋ."

ಅಪ್ಪ ಒಳಗೆ ಹತ್ತಿ ಹಿಂಜುತ್ತಿದ್ದ. ಹಿಂಜುವ ಬಿಲ್ಲಿನ ನಾದ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಅವರು ಹೋದ ಮೇಲೆ ದಿಂಬಿನ ಹೊಲಿಗೆ ಬಿಚ್ಚಿದೆ. ಒಣಗಿ ಮುದುಡಿದ ಒಂದು ಎಲೆಯನ್ನು ಆರಿಸಿ ತಟ್ಟೆಯ ನೀರಿನಲ್ಲಿ ಬಿಟ್ಟೆ. ಅದು ಮುಷ್ಟಿ ಬಿಚ್ಚುವ ಮಗುವಿನಂತೆ ನಿಧಾನಕ್ಕೆ ಬಿಚ್ಚಿಕೊಂಡಿತು. ಅದೇ ಅಂಚು, ಅದೇ ಹರಿದ ಕಾಗದ. ಮಗುಚಿದೆ. ಕೆಳಗೂ ಹಸಿರು.

ಕಳ್ಳಮಾಚಿ. ಅಜ್ಜ ಹಾಗೆ ಕರೆಯುತ್ತಿದ್ದನಂತೆ. ಮಾಚಿಯ ಪಕ್ಕದಲ್ಲೇ, ಅದರ ಹೆಗಲಿಗೆ ಹೆಗಲು ಕೊಟ್ಟು ಬೆಳೆಯುವ ಕಳೆ. ನೋಡಲು ಒಂದೇ ತಾಯಿ ಮಕ್ಕಳು. ವಾಸನೆ ಮಾತ್ರ ಇಲ್ಲ. ಅದರ ಧೂಳಿಗೆ ಎಷ್ಟೋ ಜನಕ್ಕೆ ಸೀನು ಹತ್ತುತ್ತದೆ. ಇಷ್ಟು ವರ್ಷದಲ್ಲಿ ಅಪ್ಪ ಎಂದೂ ಎಲೆ ಮಗುಚಿ ನೋಡಿದವನಲ್ಲ. ಮೂಗಿರುವಾಗ ಕಣ್ಣಿಗೇಕೆ ತೊಂದರೆ ಕೊಡುವುದು. ಅವನ ಮೂಗನ್ನು ನಂಬಿ ನಾನೂ ಎಂದೂ ಮೂಸಿ ನೋಡಿರಲಿಲ್ಲ.

ದಿಂಬಿನೊಳಗಿನ ಸೊಪ್ಪನ್ನು ಒಂದು ಮುಷ್ಟಿ ತೆಗೆದುಕೊಂಡು ಒಳಗೆ ಹೋದೆ. "ಅಪ್ಪ, ಇದು ನೋಡು, ಹದ ಬಂದಿದೆಯಾ?"

ಅಪ್ಪ ಬಿಲ್ಲು ಪಕ್ಕಕ್ಕಿಟ್ಟ. ಬೆರಳ ನಡುವೆ ತಿಕ್ಕಿದ. ಕಣ್ಣು ಮುಚ್ಚಿ, ಎದೆ ಉಬ್ಬಿಸಿ, ಉದ್ದಕ್ಕೆ ಮೂಸಿದ. "ಹದ" ಅಂದ.

ಅಡುಗೆ ಮನೆಗೆ ಹೋಗಿ ಇನ್ನೊಂದು ಮುಷ್ಟಿ ತಂದೆ. "ಇದು?"

ಮತ್ತೆ ತಿಕ್ಕಿದ. ಮತ್ತೆ ಮೂಸಿದ. "ಇದೂ ಹದ. ಇನ್ನೂ ಸ್ವಲ್ಪ ಜಾಸ್ತೀನೇ ಬಂದಿದೆ."

"ಅಪ್ಪ, ಇದು ಚಹಾ ಪುಡಿ."

ಅಪ್ಪ ಕಣ್ಣು ತೆರೆಯಲಿಲ್ಲ. ಅವನ ರೆಪ್ಪೆಯ ಮೇಲೆ ಹತ್ತಿಯ ಒಂದು ಎಳೆ ಕೂತಿತ್ತು, ಉಸಿರಿಗೆ ಅಲುಗುತ್ತ.

"ಜ್ವರ ಹೋಗುವಾಗ ವಾಸನೇನೂ ಜೊತೆಗೆ ತಗೊಂಡು ಹೋಯ್ತು ಮರಿ" ಅಂದ.

"ಹೇಳಬಹುದಿತ್ತಲ್ಲ!"

"ಹೇಳೋಣ ಅಂತಾನೇ ಇದ್ದೆ. ನಾಳೆ ಬರಬಹುದು, ನಾಡಿದ್ದು ಬರಬಹುದು. ಡಾಕ್ಟರೂ ಹಾಗೇ ಅಂದರು. ಬಂದರೂ ಬಂತು, ಇಲ್ಲದಿದ್ದರೆ ಇಲ್ಲ."

"ಕನಸು ಬಿತ್ತು ಅಂತ ಯಾಕೆ ಹೇಳಿದೆ? ಬೀಳದಿದ್ದರೆ ಹೊಲಿಗೆ ಬಿಚ್ಚಬೇಕು ಅನ್ನೋನು ನೀನೇ."

"ಬಿಚ್ಚಿದರೆ ನಿಂಗೆ ಗೊತ್ತಾಗ್ತಿತ್ತು."

"ಗೊತ್ತಾದರೆ ಏನಾಗ್ತಿತ್ತು?"

"ನಿಜ ಆಗ್ತಿತ್ತು." ಅಪ್ಪ ಚಹಾ ಪುಡಿಯನ್ನು ಎಚ್ಚರಿಕೆಯಿಂದ ನನ್ನ ಅಂಗೈಗೆ ಹಿಂದಿರುಗಿಸಿದ. "ದಿಂಬಿನ ಮಾತು ಬಿಡು, ವಾಪಸ್ ತಗೊಂಡು ಹೊಸದು ಹೊಲಿದು ಕೊಡೋಣ. ನಿಮ್ಮಮ್ಮ ಬರ್ತಾ ಇಲ್ಲ ಮರಿ. ಜ್ವರದಿಂದೀಚೆಗೆ ಒಂದು ಸಲಾನೂ ಬಂದಿಲ್ಲ. ಅವಳಿಗೆ ನನ್ನ ಹತ್ತಿರ ಬರೋದಕ್ಕೆ ಇದ್ದದ್ದು ಮೂಗಿನ ದಾರಿ ಒಂದೇ. ಆ ಬಾಗಿಲು ಹಾಕ್ಕೊಂಡುಬಿಟ್ಟಿದೆ. ಹೊರಗೆ ನಿಂತ್ಕೊಂಡು ಬಡೀತಿದ್ದಾಳೋ ಏನೋ."

ಆ ವಾರ ದಿಂಬುಗಳನ್ನೆಲ್ಲ ತಂದು ಬಿಚ್ಚಿದೆವು. ಕ್ಷೌರಿಕ ಮಾತ್ರ ಕೊಡಲೊಲ್ಲ. ಸೀನಿದರೆ ತಲೆ ಹಗುರಾಗುತ್ತದಂತೆ. ಆಮೇಲೆ ನಾನೂ ಅಪ್ಪನೂ ಚೀಲ ಹಿಡಿದು ರೈಲುಹಳಿಯ ಉದ್ದಕ್ಕೆ ನಡೆದೆವು. ಬಿಸಿಲು ಹಳಿಯ ಮೇಲೆ ನೀರಿನಂತೆ ಹರಿಯುತ್ತಿತ್ತು. ಅಪ್ಪ ಪ್ರತಿ ಗಿಡದ ಮುಂದೆ ಬಾಗಿ ಒಂದೆಲೆ ಮಗುಚುತ್ತಿದ್ದ, ಪರಿಚಯವಿಲ್ಲದವರ ಅಂಗೈ ನೋಡುವವನಂತೆ. ಬಿಳಿ ಕಂಡರೆ ಕೊಯ್ಯುವುದು, ಹಸಿರು ಕಂಡರೆ ಮುಂದಕ್ಕೆ. "ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ" ಅಂದ ಅಪ್ಪ, "ನಂಗೆ ಕನ್ನಡಕ ಬೇಕಾಯ್ತು ನೋಡು."

ಸೊಪ್ಪು ಒಣಗುವವರೆಗೆ ಚಿಕ್ಕಮ್ಮ ದಿನಾ ಬಂದಳು. ಅಮ್ಮನ ತಂಗಿ, ಟ್ರಾಮ್ ಡಿಪೋದಲ್ಲಿ ಕಂಡಕ್ಟರುಗಳ ಕೋಟು ಹೊಲಿಯುವವಳು. ವಿಷಯ ಕೇಳಿದ್ದೇ ಅಪ್ಪನ ಎದುರು ಕೂತು ಮೂಗನ್ನೇ ದಿಟ್ಟಿಸಿದಳು.

"ಭಾವ, ಇಷ್ಟು ವರ್ಷ ಅದನ್ನ ಎಲ್ಲರ ವಿಷಯಕ್ಕೂ ತೂರಿಸಿದ್ರಿ. ಸವೆದು ಹೋಗಿದೆ, ಅಷ್ಟೇ."

"ಹೌದಮ್ಮ. ನಿನ್ನ ನಾಲಿಗೆ ಹೇಗೆ ಸವೆದಿಲ್ಲ ಅನ್ನೋದೇ ಆಶ್ಚರ್ಯ."

ಅವಳು ಮಾಚಿಯ ಆವಿ ಹಿಡಿಸಿದಳು. ಕಂಬಳಿ ಹೊದೆಸಿ, ಬಟ್ಟಲ ಮೇಲೆ ತಲೆ ಬಗ್ಗಿಸಿದಳು. ಅಪ್ಪ ಹೊರಬರುವಷ್ಟರಲ್ಲಿ ಟೊಮೇಟೊ ಹಣ್ಣಾಗಿದ್ದ. "ಏನಾದರೂ ಬಂತಾ?" "ಬೆವರು ಬಂತು." ಎರಡೆಲೆ ಕುದಿಸಿ ಕಷಾಯ ಕೊಟ್ಟಳು. ಅಪ್ಪ ಹಿಂಜರಿದರೆ, "ಬಸುರಿಯರು ಕುಡೀಬಾರದು ಅಷ್ಟೇ, ನಿಮಗೇನು ಭಯ?" ಎಂದಳು. ಕುಡಿದ. ಹೊಟ್ಟೆ ಹಗುರಾಯಿತು. ಮೂಗು ಹಾಗೇ ಇತ್ತು. ಹೊರಡುವಾಗ ಬಾಗಿಲ ಬಳಿ ಚಿಕ್ಕಮ್ಮ ನನ್ನ ಕೈ ಹಿಡಿದಳು. ತಮಾಷೆಯೆಲ್ಲ ಇಳಿದುಹೋಗಿತ್ತು. "ಪುಟ್ಟಿ, ಭಾವ ಅಕ್ಕನ್ನ ಎರಡನೇ ಸಲ ಕಳ್ಕೊಂಡ ಹಾಗೆ ಕೂತಿದ್ದಾರೆ ಕಣೆ. ಏನಾದರೂ ಮಾಡು."

ಹದ ಬಂದ ದಿನ ಯಾವುದೆಂದು ಈಗ ನಾನೇ ಹೇಳಬೇಕಾಯಿತು. ಬೆಳಿಗ್ಗೆ ಎದ್ದು ತೂಗುಹಾಕಿದ ಕಂತೆಗಳ ಕೆಳಗೆ ನಿಂತೆ. ಕಹಿಯ ಹಿಂದಿನಿಂದ ಏನೋ ಇಣುಕಿತು, ಒಗೆದ ಬಟ್ಟೆಯನ್ನು ಬಿಸಿಲಿನಿಂದ ತೆಗೆದಾಗಿನಂಥದು. ತುಂಬಿ ಹೊಲಿದೆ. ಅಪ್ಪನ ತಲೆಯ ಕೆಳಗಿಟ್ಟೆ. ಷಟರು ಇಳಿಸಿದೆ. ಅಪ್ಪ ಎದ್ದು ತಲೆಯಾಡಿಸಿದ. "ಬರೀ ನಿದ್ದೆ" ಅಂದ. "ಬಾವಿಯಂಥ ನಿದ್ದೆ. ಕಲ್ಲು ಹಾಕಿದರೆ ಸದ್ದೂ ಬರಲ್ಲ."

ಮರುದಿನ ಅದೇ ದಿಂಬಿನ ಮೇಲೆ ನಾನು ಮಲಗಿದೆ. ಪರೀಕ್ಷೆ ಆಗಲೇಬೇಕಲ್ಲ. ಎದ್ದಾಗ ಅಪ್ಪ ನನ್ನ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ, ಬಾಗಿಲ ಬಳಿ ಅಂಚೆಯವನಿಗಾಗಿ ಕಾಯುವವನಂತೆ.

"ಏನು ಬಿತ್ತು?"

ಆ ಮುಖ ನೋಡಿ ನನ್ನ ಬಾಯಿ ತಾನಾಗಿ ಹೇಳಿತು: "ಅಮ್ಮ ಬಂದಿದ್ದಳು."

"ಹೌದಾ?"

"ಹೌದಪ್ಪ. ಬಾಗಿಲಿಂದ ಒಳಗೆ ಬಂದಳು. ಆ ಸ್ಟೂಲಿನ ಮೇಲೆ ಕೂತಳು. ನಕ್ಕಳು. ನಿಮ್ಮಪ್ಪನಿಗೆ ಹೇಳು ಅಂದಳು..."

"ಶೂ ಬಿಚ್ಚಿದಳಾ?"

"ಅಂ... ಇಲ್ಲ. ಸುಮ್ಮನೆ ಕೂತಳು."

ಅಪ್ಪ ನಕ್ಕ. ಜ್ವರದ ನಂತರ ಮೊದಲ ಸಲ ನಕ್ಕದ್ದು, ಹತ್ತಿಯ ಎಳೆಗಳು ಗಾಳಿಗೆ ಹಾರುವಷ್ಟು. "ಹೋಗೇ ಕಳ್ಳಿ! ಅಪ್ಪನಿಗೆ ತಕ್ಕ ಮಗಳು. ನಿಮ್ಮಮ್ಮ ಮನೆಗೆ ಬಂದವಳು ಶೂ ಬಿಚ್ಚದೆ ಒಂದು ದಿನಾನೂ ಕೂತದ್ದಿಲ್ಲ. ನಗೋದೇನಿದ್ದರೂ ಕಾಲು ನೀರಿಗಿಟ್ಟ ಮೇಲೆ. ಅಲ್ಲೀವರೆಗೂ ಅವಳ ಮುಖ ನೋಡೋ ಧೈರ್ಯ ನಂಗೂ ಇರಲಿಲ್ಲ. ನಿಜ ಹೇಳು, ಏನು ಬಿತ್ತು?"

"ಡಾಕ್ಟರಮ್ಮನ ಕುರ್ಚಿ. ಅದರ ಮೇಲೆ ಮಲಗಿದ್ದೆ. ಕುರ್ಚಿ ತೇಲ್ತಾ ಇತ್ತು. ಸುತ್ತ ಸಮುದ್ರ. ಅವರು ದಡದಿಂದ ಬಾಯಿ ತೆಗಿ, ಬಾಯಿ ತೆಗಿ ಅಂತ..."

"ಅಷ್ಟೇನಾ?"

"ಅಷ್ಟೇ."

"ಹಾಗಾದರೆ ದಿಂಬು ಪಾಸು" ಅಂದ ಅಪ್ಪ. ಹೊಲಿಗೆಯ ಮೇಲೆ ಬೆರಳಾಡಿಸಿದ. ನಗು ನಿಧಾನಕ್ಕೆ ಅವನ ಮುಖದಿಂದ ಇಳಿಯಿತು, ಸಂಜೆ ಗೋಡೆಯಿಂದ ಬಿಸಿಲು ಇಳಿದಂತೆ. "ಎಲ್ಲರಿಗೂ ಕೆಲಸ ಮಾಡ್ತಿದೆ. ಒಳ್ಳೇದಾಯ್ತು."

ನಾನು ಅಲ್ಲೇ ಕೂತೆ. ಶೂ ಬಿಚ್ಚಿದಳಾ ಎಂಬ ಪ್ರಶ್ನೆ ತಲೆಯೊಳಗೆ ಸುತ್ತುತ್ತಿತ್ತು. ಷಟರಿನ ಕೆಳಗೆ ಕಾಲುಗಳು ಹೋಗುತ್ತಿದ್ದವು. ಬೂಟಿನ ಕಾಲು, ಚಪ್ಪಲಿ ಕಾಲು, ಒಂದು ನಾಯಿಯ ನಾಲ್ಕು ಕಾಲು. ಅಮ್ಮ ಈ ಮನೆಗೆ ಬರುತ್ತಿದ್ದದ್ದು ಮೂಗಿನ ದಾರಿಯಿಂದ ಎಂದು ಅಪ್ಪನಿಗೆ ಯಾರು ಹೇಳಿದರು? ಅವಳು ದಿನಾ ಬಂದದ್ದು ಕಾಲಿನ ದಾರಿಯಿಂದ.

ಅಟ್ಟದಿಂದ ತಗಡಿನ ಟಬ್ಬು ಇಳಿಸಿದೆ. ತಳದಲ್ಲಿ ಜೇಡ ಮನೆ ಮಾಡಿತ್ತು. ಅದನ್ನು ಕಾಗದದ ಮೇಲೆ ಹತ್ತಿಸಿ ಕಿಟಕಿಗೆ ಕಳಿಸಿದೆ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಎರಡು ಹಿಡಿ ಮಾಚಿ ಹಾಕಿದೆ. ನೀರು ಮೊದಲು ಹಳದಿಯಾಯಿತು, ಆಮೇಲೆ ಹಸಿರು, ಕೊನೆಗೆ ಕಡು ಚಹಾದ ಬಣ್ಣ. ಮನೆಯೆಲ್ಲ ಆ ವಾಸನೆ ತುಂಬಿತು. ನನಗೆ ಅಮ್ಮ ಬಾಗಿಲಲ್ಲೇ ನಿಂತಂತಾಯಿತು. ಅಪ್ಪ ಏನೂ ತಿಳಿಯದೆ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ.

"ಬಾ, ಕಾಲು ಇಡು."

"ನಾನೇನು ಟ್ರಾಮಲ್ಲಿ ನಿಂತು ಬಂದಿದ್ದೀನಾ? ಇಡೀ ದಿನ ಕೂತಿರೋ ಕಾಲು ಇದು."

"ಇಡು ಅಂದೆನಲ್ಲ. ಮೊದಲು ಎಡಗಾಲು."

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಬೇಕೆಂದೇ ಬಲಗಾಲು ಇಟ್ಟ.

ನೀರು ಅವನ ಹಿಮ್ಮಡಿಯ ಬಿರುಕುಗಳಿಗೆ ಇಳಿಯಿತು. ಒಂದು ಒಣ ಎಲೆ ಬಿಚ್ಚಿಕೊಂಡು ಪಾದದ ಮೇಲೆ ಅಂಟಿತು, ಬಿಳಿಯ ಮಗ್ಗಲು ಮೇಲಾಗಿ. ಅಪ್ಪ ಕುರ್ಚಿಗೆ ಒರಗಿದ. ದಿಂಬಿಲ್ಲ, ಏನಿಲ್ಲ. ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ನಿದ್ದೆಗೆ ಜಾರಿದ. ನಾನು ಷಟರನ್ನು ಮೊಣಕಾಲೆತ್ತರಕ್ಕೆ ಇಳಿಸಿದೆ. ಟ್ರಾಮ್ ಹೋಯಿತು. ಹತ್ತಿ ಉಸಿರೆಳೆಯಿತು. ಟಬ್ಬಿನ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದು ಅಪ್ಪನ ಕಣಕಾಲು ಮುಟ್ಟಿ ಹಿಂದಿರುಗಿದವು. ಅವನ ಎಡಗಾಲಿನ ಕಿರುಬೆರಳು ಒಮ್ಮೆ ಸೆಟೆಯಿತು.

ಎಷ್ಟು ಹೊತ್ತೋ. ನಾನೂ ಅರೆನಿದ್ದೆಯಲ್ಲಿದ್ದೆ. ಕಣ್ಣು ಬಿಟ್ಟಾಗ ಅಪ್ಪ ತನ್ನ ಪಾದಗಳನ್ನೇ ನೋಡುತ್ತ ಕೂತಿದ್ದ, ಅವು ಯಾರದೋ ಎಂಬಂತೆ.

"ಬಂದಳಾ?" ನಾನು ಕೇಳಿದೆ.

"ಇಲ್ಲ." ಅಪ್ಪ ತಲೆಯೆತ್ತಲಿಲ್ಲ. "ಅವಳನ್ನ ನೋಡಲಿಲ್ಲ ಮರಿ. ಟ್ರಾಮಿನ ಮೆಟ್ಟಿಲ ಮೇಲೆ ನಾನೇ ನಿಂತಿದ್ದೆ. ಕಾಲು ನೋಯ್ತಿತ್ತು. ಎಡಗಾಲಲ್ಲಿ, ಕಿರುಬೆರಳ ಬುಡದಲ್ಲಿ, ಚುಚ್ಚೋ ಹಾಗೆ. ನಂಗೆ ಅಲ್ಲಿ ಆಣಿ ಇಲ್ಲವಲ್ಲ."

"ಆಮೇಲೆ?"

"ಟ್ರಾಮ್ ನಮ್ಮ ಬೀದಿಗೆ ತಿರುಗಿತು. ಅಂಗಡಿ ಕಾಣಿಸ್ತು. ಒಳಗೆ ಒಬ್ಬ ಕೂತಿದ್ದ. ಹುಡುಗ ಇನ್ನೂ. ತಲೆ ತುಂಬ ಹತ್ತಿ, ಮೀಸೆ ತುಂಬ ಹತ್ತಿ, ಒಂದೇ ದಿನದಲ್ಲಿ ಮುದುಕ ಆದ ಹಾಗೆ. ಟ್ರಾಮಿನ ಸದ್ದು ಕೇಳಿ ಬಿಲ್ಲು ಬಿಟ್ಟು ತಲೆ ಎತ್ತಿದ." ಅಪ್ಪನ ಮುಖದಲ್ಲಿ ಆ ಹಳೆಯ ಬೆಳಕಿತ್ತು, ಊರಿಂದ ಈಗಷ್ಟೇ ಬಂದವನದು. "ಅವನನ್ನ ನೋಡಿ ಎಷ್ಟು ಖುಷಿ ಆಯ್ತು ಅಂತೀಯ! ಕಾಲು ನೋವೆಲ್ಲ... ಆ ಪೆದ್ದನನ್ನ ನೋಡಿ ಅಷ್ಟು ಖುಷಿ. ನಂಗೆ ಗೊತ್ತೇ ಇರಲಿಲ್ಲ ಮರಿ. ಅವಳು ಒಂದು ದಿನಾನೂ ಹೇಳಲಿಲ್ಲವಲ್ಲ."

"ಇಳಿದೆಯಾ?"

"ಎಲ್ಲಿ ಇಳಿಯೋದು. ನೀರು ತಣ್ಣಗಾಯ್ತು."

ನಾನು ಎದ್ದು ಒಲೆಯ ಮೇಲಿನ ಪಾತ್ರೆ ಮುಟ್ಟಿ ನೋಡಿದೆ. ಇನ್ನೂ ಹಬೆಯಾಡುತ್ತಿತ್ತು.

"ಬಿಸಿ ನೀರು ಹಾಕಲಾ?"

"ಹಾಕು ಹಾಕು, ಬೇಗ" ಅಂದ ಅಪ್ಪ, ಆಗಲೇ ಕಣ್ಣು ಮುಚ್ಚುತ್ತ. "ಟ್ರಾಮ್ ಇನ್ನೂ ನಿಂತಿರಲಿಲ್ಲ."